ಹೇಳದೆ ಕೇಳದೆ ಕೆಲಸಕ್ಕೆ ಬಾರದವರ ಹೆಸರು ತೆಗೆಯುವುದು ಹೇಗೆ?

ಕೇಳಿದ್ದು: ನಮ್ಮದು 35 ಜನರ ಪ್ಯಾಕೇಜಿಂಗ್ ಘಟಕ. ಆರು ವರ್ಷದಿಂದ ಇರುವ ಮೆಷಿನ್ ಆಪರೇಟರ್ ಒಬ್ಬರು 24 ದಿನಗಳಿಂದ ಬಂದಿಲ್ಲ. ಫೋನ್ ಸ್ವಿಚ್ ಆಫ್, ರಾಜೀನಾಮೆ ಕೊಟ್ಟಿಲ್ಲ. ನೇಮಕಾತಿ ಪತ್ರದಲ್ಲಿ ‘10 ದಿನ ತಿಳಿಸದೆ ಗೈರಾದರೆ ತಾನಾಗಿಯೇ ಕೆಲಸ ಬಿಟ್ಟಂತೆ’ ಎಂದಿದೆ. ಹೆಸರು ಹೊಡೆದು ಬೇರೆಯವರನ್ನು ತೆಗೆದುಕೊಳ್ಳಬಹುದೇ? ಇಂಥದ್ದನ್ನು ನಿಭಾಯಿಸಿದವರು ದಯವಿಟ್ಟು ತಿಳಿಸಿ.

ಕಾರ್ಮಿಕ ಕಾನೂನು ವಕೀಲರು: ಆ ಒಂದು ಸಾಲನ್ನು ನಂಬಿ ಹೆಸರು ಹೊಡೆಯಬೇಡಿ ಸರ್. ಡಿ.ಕೆ. ಯಾದವ್ ಪ್ರಕರಣದಲ್ಲಿ (1993) ಕಂಪನಿಯ ಸ್ಥಾಯಿ ಆದೇಶದಲ್ಲೇ (ಕಾನೂನಿನಡಿ ಪ್ರಮಾಣೀಕರಿಸಿದ ಸೇವಾ ನಿಯಮ) ‘8 ದಿನ ಮೀರಿ ಗೈರಾದರೆ ಕೆಲಸ ಹೋಯಿತು’ ಎಂದಿತ್ತು. ಆದರೂ ಸುಪ್ರೀಂ ಕೋರ್ಟ್, ವಿಚಾರಣೆ ನಡೆಸದೆ ತೆಗೆದದ್ದು ತಪ್ಪು ಎಂದು ಹೇಳಿ ಅರ್ಧ ಬಾಕಿ ವೇತನದೊಂದಿಗೆ ಕೆಲಸಗಾರನನ್ನು ಮತ್ತೆ ಸೇರಿಸಿಕೊಳ್ಳಲು ಆದೇಶಿಸಿತು. ಸ್ಥಾಯಿ ಆದೇಶದ ಗತಿಯೇ ಹೀಗಾದರೆ ನೇಮಕಾತಿ ಪತ್ರದ ಷರತ್ತಿಗೆ ಎಷ್ಟು ಬೆಲೆ?

‘ಕೆಲಸ ಬಿಟ್ಟ’ ಎನ್ನುವುದು ಆತನ ಉದ್ದೇಶದ ಪ್ರಶ್ನೆ, ದಿನದ ಲೆಕ್ಕವಲ್ಲ. ಆ ಉದ್ದೇಶವನ್ನು ತೋರಿಸುವ ಹೊಣೆ ನಿಮ್ಮದು. ಹಾಜರಿ ಪುಸ್ತಕದಿಂದ ಸದ್ದಿಲ್ಲದೆ ಹೆಸರು ತೆಗೆದರೆ ಅದನ್ನು ‘ರಿಟ್ರೆಂಚ್‌ಮೆಂಟ್’, ಅಂದರೆ ಮಾಲೀಕರೇ ಕೆಲಸದಿಂದ ತೆಗೆದದ್ದು, ಎಂದೇ ಎಣಿಸುತ್ತಾರೆ (ರಾಬರ್ಟ್ ಡಿಸೋಜಾ ಪ್ರಕರಣ, 1982). ಹಿಂದಿನ 12 ತಿಂಗಳಲ್ಲಿ 240 ದಿನ ದುಡಿದವರಾದರೆ ಒಂದು ತಿಂಗಳ ನೋಟಿಸು ಅಥವಾ ಅದರ ಸಂಬಳ, ಜೊತೆಗೆ ಪ್ರತಿ ವರ್ಷಕ್ಕೆ 15 ದಿನದ ವೇತನ ಕೊಟ್ಟಿರಬೇಕಿತ್ತು. ಅದು ಕೊಟ್ಟಿಲ್ಲವೆಂದರೆ ತೆಗೆದದ್ದೇ ಅಸಿಂಧು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಈ ನಿಯಮ ಉಳಿದಿದೆ. ಬದಲಾದದ್ದು ತಕರಾರು ಎತ್ತುವ ಅವಧಿ: ಹಿಂದೆ ಮೂರು ವರ್ಷ, ಈಗ ಎರಡು.

ಕಾರ್ಖಾನೆಯೊಂದರ ಎಚ್‌ಆರ್: 24 ದಿನ ಆಗಿಹೋಗಿದೆ, ಇವತ್ತೇ ಮೊದಲ ಪತ್ರ ಹಾಕಿ. ಯಾವ ದಿನಾಂಕದಿಂದ ಬಂದಿಲ್ಲ, ರಜೆ ಕೇಳಿಲ್ಲ, ಯಾವ ದಿನ ಫೋನ್ ಮಾಡಿದಿರಿ, ಇಂಥ ದಿನದೊಳಗೆ ಕೆಲಸಕ್ಕೆ ಹಾಜರಾಗಿ ಅಥವಾ ಕಾರಣವನ್ನು ದಾಖಲೆ ಸಮೇತ ತಿಳಿಸಿ. ಇಷ್ಟೇ ಸಾಕು. ‘ಕೆಲಸಕ್ಕೆ ಬನ್ನಿ’ ಎಂಬ ಮಾತು ಇರಲೇಬೇಕು. ಮುಂದೆ ‘ನಾವು ಕರೆದೆವು, ಅವರೇ ಬರಲಿಲ್ಲ’ ಎಂದು ನಿಲ್ಲಲು ಅದೊಂದೇ ಆಧಾರ. ಮೊದಲ ಪತ್ರದಲ್ಲೇ ‘ನಿಮ್ಮನ್ನು ವಜಾ ಮಾಡಲಾಗಿದೆ’ ಎಂದು ಬರೆಯುವವರಿದ್ದಾರೆ. ಆಮೇಲೆ ನಡೆಸಿದ ವಿಚಾರಣೆ ಬರೀ ನಾಟಕ ಎನಿಸಿಕೊಳ್ಳುತ್ತದೆ.

ಪತ್ರ ಆತ ಓದಬಲ್ಲ ಭಾಷೆಯಲ್ಲಿರಲಿ. ವಿಳಾಸದ ವಿಷಯದಲ್ಲಿ ಜಿಪುಣತನ ಬೇಡ: ಬಾಡಿಗೆ ಮನೆ, ಊರಿನ ಮನೆ, ಆಧಾರ್‌ನಲ್ಲಿರುವುದು, ನಾಮಿನಿ ಫಾರಂನಲ್ಲಿರುವುದು, ಎಲ್ಲದಕ್ಕೂ ಕಳಿಸಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್‌ನಲ್ಲಿ ಸೇರಿಹೋಗಿದೆ, ಹಾಗಾಗಿ ನೋಂದಣಿ ಸೌಲಭ್ಯ ಸೇರಿಸಿಯೇ ಸ್ಪೀಡ್ ಪೋಸ್ಟ್ ಮಾಡಿ. ಟ್ರ್ಯಾಕಿಂಗ್ ಪುಟವನ್ನು ಆಗಲೇ ಪ್ರಿಂಟ್ ತೆಗೆದಿಡಿ. ವಾಪಸ್ ಬಂದ ಲಕೋಟೆಯನ್ನು ಒಡೆಯಬೇಡಿ, ಮುಚ್ಚಿದ ಲಕೋಟೆಯೇ ಸಾಕ್ಷ್ಯ. ಮೇಲೆ ಅಂಚೆಯವರು ಬರೆದ ಷರಾ ಓದಿ: ‘ನಿರಾಕರಿಸಿದರು’ ಎಂದಿದ್ದರೆ ತಲುಪಿದಂತೆಯೇ ಲೆಕ್ಕ. ‘ವಿಳಾಸ ಸರಿಯಿಲ್ಲ’ ಎಂದಿದ್ದರೆ ತಲುಪಿಲ್ಲ. ಎಲ್ಲ ವಿಳಾಸದಿಂದಲೂ ಹಾಗೇ ಬಂದರೆ ಅವರ ಊರಿನ ಕಡೆ ಓಡುವ ಪತ್ರಿಕೆಯಲ್ಲಿ ಪ್ರಕಟಣೆ ಕೊಡಿ. ಏಳೆಂಟು ದಿನಗಳ ಅಂತರದಲ್ಲಿ ಮೂರು ಪತ್ರ ಕಳಿಸುವುದು ರೂಢಿ, ಕಾನೂನಲ್ಲ. ಎರಡು ಪತ್ರ ನಿಜವಾಗಿ ತಲುಪಿದ್ದರೆ ತಪ್ಪು ವಿಳಾಸಕ್ಕೆ ಹೋದ ಐದಕ್ಕಿಂತ ಮೇಲು.

ಇನ್ನೊಂದು: ಆತ ಇಎಸ್‌ಐ (ನೌಕರರ ರಾಜ್ಯ ವಿಮೆ) ಅಡಿ ಅನಾರೋಗ್ಯ ರಜೆಯಲ್ಲಿರಬಹುದೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಮಹಿಳೆಯಾಗಿದ್ದು ಹೆರಿಗೆಗೆ ಸಂಬಂಧಿಸಿದ ಗೈರಾಗಿದ್ದರೆ ಇಡೀ ಪ್ರಕ್ರಿಯೆಯೇ ಕಾನೂನುಬಾಹಿರ.

ಕೇಳಿದವರು: ಪತ್ರ ನೋಡಿ ಅವರು ನೇರವಾಗಿ ಗೇಟಿಗೇ ಬಂದರೆ?

ಎಚ್‌ಆರ್: ಒಳಗೆ ಬಿಡಿ! ಹೆಚ್ಚಿನ ಕೇಸು ಹಾಳಾಗುವುದೇ ಗೇಟಿನಲ್ಲಿ. ಸೆಕ್ಯುರಿಟಿಯವರು ‘ನಿನ್ನ ಹೆಸರಿಲ್ಲ’ ಎಂದು ತಡೆದರೆ, ಅಲ್ಲಿಯವರೆಗೆ ಆತ ಬಿಟ್ಟದ್ದು ಎಂದಿದ್ದದ್ದು ಆ ಕ್ಷಣದಿಂದ ನೀವು ನಿರಾಕರಿಸಿದ್ದು ಎಂದಾಗುತ್ತದೆ. ಡ್ಯೂಟಿಗೆ ಸೇರಿಸಿಕೊಂಡು ಬರವಣಿಗೆಯಲ್ಲಿ ವಿವರಣೆ ಪಡೆಯಿರಿ. ಶಿಸ್ತುಕ್ರಮ ಆಮೇಲೂ ನಡೆಸಬಹುದು.

ವಿಚಾರಣಾಧಿಕಾರಿಯಾಗಿ ಕೆಲಸ ಮಾಡುವವರು: ಪತ್ರಗಳಿಗೆ ಉತ್ತರ ಬರದಿದ್ದರೆ ಮುಂದಿನದು ಆರೋಪ ಪಟ್ಟಿ. ‘ಬಹಳ ದಿನಗಳಿಂದ ಗೈರು’ ಎಂದು ಬರೆದರೆ ನಿಲ್ಲುವುದಿಲ್ಲ, ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಇರಲಿ. ಹಳೆಯ ಗೈರುಗಳನ್ನೂ ಶಿಕ್ಷೆಗೆ ಪರಿಗಣಿಸುವುದಾದರೆ ಅವನ್ನೂ ಅದರಲ್ಲೇ ಕಾಣಿಸಿ. ಆರೋಪ ಪಟ್ಟಿಗೆ ಸಹಿ ಹಾಕಿದವರು, ಸಾಕ್ಷಿ ಹೇಳುವ ಸೂಪರ್‌ವೈಸರ್, ಇವರಿಬ್ಬರೂ ವಿಚಾರಣಾಧಿಕಾರಿ ಆಗಬಾರದು.

ಆತ ಬಾರದಿದ್ದರೆ ಎಕ್ಸ್‌ಪಾರ್ಟಿ, ಅಂದರೆ ಆತನ ಗೈರಿನಲ್ಲೇ ವಿಚಾರಣೆ, ಮಾಡಬಹುದು. ಆದರೆ ಎಕ್ಸ್‌ಪಾರ್ಟಿ ಎಂದರೆ ಸಾಕ್ಷ್ಯವೇ ಬೇಡ ಎಂದಲ್ಲ. ಅನೇಕರು ‘ನೌಕರ ಹಾಜರಾಗಲಿಲ್ಲ, ಆರೋಪ ಸಾಬೀತಾಗಿದೆ’ ಎಂದು ಎರಡೇ ಸಾಲು ಬರೆದು ಮುಗಿಸುತ್ತಾರೆ. ಹಾಜರಿ ಪುಸ್ತಕ, ಬಯೋಮೆಟ್ರಿಕ್ ವರದಿ, ವಾಪಸ್ ಬಂದ ಲಕೋಟೆಗಳನ್ನು ಗುರುತು ಹಾಕಿ ದಾಖಲಿಸಿ, ಸೂಪರ್‌ವೈಸರ್ ಹೇಳಿಕೆ ಬರೆದುಕೊಳ್ಳಿ. ವರದಿಯ ಪ್ರತಿಯನ್ನು ನೌಕರರಿಗೆ ಕಳಿಸಿ, ಶಿಕ್ಷೆಯ ಬಗ್ಗೆ ಎರಡನೇ ಶೋಕಾಸ್ (ಕಾರಣ ಕೇಳುವ ನೋಟಿಸು) ಕೊಟ್ಟು, ಆಮೇಲೆ ಆದೇಶ. ಬೇಕೆಂದೇ ಗೈರಾದದ್ದು ಎಂಬುದಕ್ಕೆ ವರದಿಯಲ್ಲಿ ಕಾರಣ ಕಾಣಿಸಬೇಕು; ಆಸ್ಪತ್ರೆಯಲ್ಲಿ ಮಲಗಿದ್ದವರ ಗೈರು ದುರ್ನಡತೆಯಾಗದು.

ಬಾರದೇ ಇರುವವರನ್ನು ಅಮಾನತಿನಲ್ಲಿಡುವುದು ಅರ್ಥಹೀನ. ಸುಮ್ಮನೆ ಜೀವನಾಂಶ ಭತ್ಯೆಯ ಹೊರೆ: ಮೊದಲ 90 ದಿನ ವೇತನದ ಶೇ. 50, ಆಮೇಲೆ ಶೇ. 75.

ಪಿಎಫ್, ಇಎಸ್‌ಐ ಕನ್ಸಲ್ಟೆಂಟ್: ವಿಚಾರಣೆ ಚೆನ್ನಾಗಿ ನಡೆಸಿ ಪಿಎಫ್ ಪೋರ್ಟಲ್‌ನಲ್ಲಿ ಎಡವುತ್ತಾರೆ. ಆದೇಶ ಆಗುವ ಮೊದಲೇ ನಿರ್ಗಮನ ದಿನಾಂಕ ತುಂಬಿಬಿಟ್ಟರೆ, ಒಂದು ಕಡೆ ‘ಇನ್ನೂ ನಮ್ಮ ನೌಕರ’ ಎಂದು ಆರೋಪ ಪಟ್ಟಿ, ಇನ್ನೊಂದು ಕಡೆ ‘ಮೂರು ತಿಂಗಳ ಹಿಂದೆಯೇ ಹೋದ’ ಎಂದು ನಿಮ್ಮದೇ ದಾಖಲೆ. ಎದುರು ವಕೀಲರು ಮೊದಲು ತೆಗೆಯುವುದೇ ಅದನ್ನು. ಅಲ್ಲಿಯವರೆಗೆ ಇಸಿಆರ್‌ನಲ್ಲಿ (ಪಿಎಫ್‌ನ ತಿಂಗಳ ವಿವರಪಟ್ಟಿ) ಹೆಸರು ಇರಲಿ, ಎನ್‌ಸಿಪಿ (ವಂತಿಗೆ ಇಲ್ಲದ) ದಿನಗಳಲ್ಲಿ ಗೈರು ತೋರಿಸಿ, ವೇತನ ಸೊನ್ನೆ. ಹಾಜರಿ ಪುಸ್ತಕದಲ್ಲೂ ಪ್ರತಿದಿನ ಗೈರು ಎಂದು ಬೀಳುತ್ತಿರಬೇಕು.

ದುಡಿದ ದಿನಗಳ ಸಂಬಳವನ್ನು ‘ಬಂದು ತೆಗೆದುಕೊಳ್ಳಲಿ’ ಎಂದು ಹಿಡಿಯಬೇಡಿ, ಎಂದಿನ ದಿನವೇ ಖಾತೆಗೆ ಹಾಕಿ. ವಜಾ ಆದೇಶವಾದ ಮೇಲೆ ಬಾಕಿ ವೇತನಕ್ಕೆ ವೇತನ ಸಂಹಿತೆ ಕೊಡುವುದು ಎರಡೇ ಕೆಲಸದ ದಿನ. ತಿಂಗಳ ಕೊನೆಗೆ ಫುಲ್ ಅಂಡ್ ಫೈನಲ್ (ಪೂರ್ಣ ಲೆಕ್ಕ ಚುಕ್ತಾ) ಮಾಡುವ ಅಭ್ಯಾಸ ಇನ್ನು ನಡೆಯದು.

ಗ್ರಾಚ್ಯುಟಿ (ಸೇವೆಯ ವರ್ಷಗಳಿಗೆ ಕೊಡುವ ಉಪದಾನ) ಬೇರೆ. ಗೈರಿಗಾಗಿ ವಜಾ ಆದರೂ ಅದನ್ನು ಮುಟ್ಟುಗೋಲು ಹಾಕುವಂತಿಲ್ಲ. ಆಸ್ತಿ ನಷ್ಟ, ಹಿಂಸಾಚಾರ, ನೈತಿಕ ಅಧಃಪತನದ ಅಪರಾಧ, ಇಂಥವಕ್ಕೆ ಮಾತ್ರ ಆ ಅಧಿಕಾರ. ತಿಂಗಳ ವೇತನ 18,200 ರೂಪಾಯಿ ಎಂದಿಟ್ಟುಕೊಳ್ಳಿ: ತಿಂಗಳಿಗೆ 26 ಕೆಲಸದ ದಿನ ಎಂದು ಭಾಗಿಸಿದರೆ 700, ಅದರ 15 ಪಟ್ಟು 10,500, ಆರು ವರ್ಷಕ್ಕೆ 63,000. ಆತ ಅರ್ಜಿ ಹಾಕದಿದ್ದರೂ ಲೆಕ್ಕ ಹಾಕಿ 30 ದಿನದೊಳಗೆ ಕೊಡಬೇಕಾದವರು ನೀವೇ, ತಡವಾದರೆ ಬಡ್ಡಿ ಸೇರುತ್ತದೆ. ನೋಟಿಸ್ ಅವಧಿಯ ಸಂಬಳವನ್ನು ಇದರಲ್ಲಿ ಮುರಿದುಕೊಳ್ಳಬೇಡಿ.

ಮೆಷಿನ್ ನಿಂತಿದೆ ಎನ್ನುವುದಾದರೆ ಸದ್ಯಕ್ಕೆ ನಿಗದಿತ ಅವಧಿಯ ಒಪ್ಪಂದದ ಮೇಲೆ ಒಬ್ಬರನ್ನು ತೆಗೆದುಕೊಳ್ಳಿ, ಅವಧಿಯ ದಿನಾಂಕ ಪತ್ರದಲ್ಲೇ ಇರಲಿ. ಅವರಿಗೂ ಕಾಯಂ ನೌಕರರಷ್ಟೇ ಸೌಲಭ್ಯ ಕೊಡಬೇಕು. ಈಗ ಒಂದು ವರ್ಷ ತುಂಬಿದರೆ ಅವರಿಗೂ ಗ್ರಾಚ್ಯುಟಿ ಇದೆ, ಒಪ್ಪಂದ ಬರೆಯುವಾಗಲೇ ಅದನ್ನು ಲೆಕ್ಕಕ್ಕೆ ಹಿಡಿಯಿರಿ.