ಅಪ್‌ಡೇಟ್: ಮಕ್ಕಳನ್ನು ಸುತ್ತುಗಟ್ಟುವ ನಮ್ಮ ಬಾರ್ಡರ್ ಕೋಲಿ

ಬೆಳಗಾವಿಯ ನಮ್ಮ ಮನೆಯ ಬಾರ್ಡರ್ ಕೋಲಿ ನಾಯಿ ಅಂಗಳದಲ್ಲಿ ಓಡಾಡುವ ಮಕ್ಕಳನ್ನು ಸುತ್ತುಗಟ್ಟಿ ಹಿಮ್ಮಡಿಗೆ ಬಾಯಿ ಹಾಕುತ್ತದೆ, ಇದು ಸಿಟ್ಟೇ ಎಂದು ಈ ಹಿಂದೆ ಕೇಳಿದ್ದೆ. ಸಿಟ್ಟಲ್ಲ, ಕುರಿ ಕಾಯುವ ತಳಿಯ ಹುಟ್ಟುಗುಣ ಎಂದು ತಿಳಿಸಿದ ಎಲ್ಲರಿಗೂ ಕೃತಜ್ಞತೆಗಳು.

ಅನಂತರ ಗಮನವಿಟ್ಟು ನೋಡಿದೆ. ಮಕ್ಕಳು ಓಡತೊಡಗಿದ ಕೂಡಲೇ ಅದು ತಲೆ ತಗ್ಗಿಸಿ, ಮೈಯನ್ನು ನೆಲಕ್ಕೆ ಬಾಗಿಸಿ, ರೆಪ್ಪೆ ಅಲುಗಿಸದೆ ದಿಟ್ಟಿಸಿ, ಬಳಿಕ ದೊಡ್ಡ ಸುತ್ತು ಹಾಕಿ ಎದುರಿಗೆ ಬಂದು ನಿಲ್ಲುತ್ತದೆ. ಬೇಟೆಯ ಸರಣಿಯಲ್ಲಿ ದಿಟ್ಟಿಸುವುದು, ಹೊಂಚುವುದು, ಅಟ್ಟುವುದು ಇವಿಷ್ಟನ್ನು ಉಳಿಸಿಕೊಂಡು, ಕೊಲ್ಲುವ ಪ್ರವೃತ್ತಿಯನ್ನು ತಲೆಮಾರುಗಳ ಆಯ್ಕೆಯಿಂದ ಕುಗ್ಗಿಸಿದ್ದರ ಫಲವೇ ಇದು. ಇಂಗ್ಲೆಂಡ್–ಸ್ಕಾಟ್ಲೆಂಡ್ ಗಡಿಯ ಈ ತಳಿಯನ್ನು ನಮ್ಮ ಮುಧೋಳ ನಾಯಿಯ ಅಳತೆಯಲ್ಲಿ ನೋಡಬಾರದು. ಮುಧೋಳವು ಕಣ್ಣಿಗೆ ಬಿದ್ದ ಬೇಟೆಯನ್ನು ವೇಗದಿಂದ ಬೆನ್ನಟ್ಟಿ ಹಿಡಿಯುವ ತಳಿ.

ಗದರಿಸುವುದರಿಂದ ಪ್ರಯೋಜನವಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಈಗ ಮಕ್ಕಳ ಆಟಕ್ಕೆ ಮೊದಲೇ ಚೆಂಡು ಎಸೆದು ತರಿಸುತ್ತೇವೆ. ಅದು ದಿಟ್ಟಿಸತೊಡಗಿದ ಕ್ಷಣದಲ್ಲಿಯೇ, ಅಂದರೆ ಓಟ ಶುರುವಾಗುವ ಮುನ್ನವೇ, ಹೆಸರು ಹಿಡಿದು ಕರೆದು ಮಲಗಲು ಹೇಳಿ, ಮಲಗಿದರೆ ತಿನಿಸು ಕೊಡುತ್ತೇವೆ. ಹಿಮ್ಮಡಿಗೆ ಬಾಯಿ ಹಾಕುವುದು ಬಹುಮಟ್ಟಿಗೆ ನಿಂತಿದೆ. ಬೀದಿಯಲ್ಲಿ ಬೈಕುಗಳನ್ನು ಅಟ್ಟುವ ಅಭ್ಯಾಸ ಮಾತ್ರ ಇನ್ನೂ ಹೋಗಿಲ್ಲವಾದ್ದರಿಂದ, ಹಗ್ಗವಿಲ್ಲದೆ ಅದನ್ನು ಗೇಟಿನಾಚೆ ಬಿಡುತ್ತಿಲ್ಲ.