ಹೋಲ್ ಅಂದರೆ ತಗ್ಗೋ, ಹೊಲವೋ?

ಅಕ್ಕನ ಮಗ ಬೆಂಗಳೂರಿನಲ್ಲಿ ನೌಕರಿ ಮಾಡುತ್ತಾನೆ. ಹೋದ ರವಿವಾರ ಅವನ ಸಾಹೇಬರು ಅಲ್ಲಿಯ ಗಾಲ್ಫ್ ಕ್ಲಬ್ಬಿಗೆ ಕರಕೊಂಡು ಹೋಗಿದ್ದರು. 1876ರ ಕ್ಲಬ್ಬು ಅದು. ಇವ ಅತಿಥಿ, ಕಾಲರ್ ಇದ್ದ ಹೊಸ ಅಂಗಿ ಕೊಂಡು ಹಾಕಿಕೊಂಡು ಹೋಗಿದ್ದ. ರಾತ್ರಿ ಫೋನಿನಲ್ಲಿ, “ಅವ್ವಾ, ಹದಿನೆಂಟ ಹೋಲ್ ಆಡಿದ್ವಿ” ಅಂದ. ಮಾಳಮಡ್ಡಿಯ ಮನೆಯಲ್ಲಿ ಮೆಂತೆಪಲ್ಯ ಸೋಸುತ್ತ ಕೂತಿದ್ದ ಅಕ್ಕ, “ಹದಿನೆಂಟ ಹೊಲಾ ಅಡ್ಡಾಡಿದ್ರೇನೋ? ಕಾಲ ಸೋತಿರಬೇಕಲ್ಲೋ” ಅಂದಳು.

ಎಲ್ಲರೂ ನಕ್ಕೆವು. ಆದರೆ ಆ ಆಟದ ಬಗ್ಗೆ ನಾಲ್ಕು ಸಾಲು ಕನ್ನಡದಲ್ಲಿ ಬರೆಯಲು ಕೂತಾಗ ಅಕ್ಕನ ಮಾತೇ ಕೈಹಿಡಿಯಿತು. ಹೋಲ್ ಅನ್ನುವುದಕ್ಕೆ ಅಲ್ಲಿ ಎರಡು ಅರ್ಥ. ಒಂದು, ಚೆಂಡು ಬೀಳುವ ನಾಲ್ಕೂಕಾಲು ಇಂಚು ಅಗಲದ ತಗ್ಗು. ಇನ್ನೊಂದು, ಮೊದಲ ಹೊಡೆತದ ಜಾಗದಿಂದ ಆ ತಗ್ಗಿನವರೆಗಿನ ಇಡೀ ಹುಲ್ಲುನೆಲ. “ಏಳನೇ ಹೋಲ್ ಬಹಳ ಉದ್ದ” ಅಂದರೆ ತಗ್ಗು ಉದ್ದ ಅಂತಲ್ಲ! ಈ ಎರಡನೆಯದಕ್ಕೆ ‘ಹೊಲ’ವೋ ‘ತಾಕು’ವೋ ಒಪ್ಪುತ್ತದಲ್ಲವೇ? ಮೊದಲನೆಯದಕ್ಕೆ ಗೆಳೆಯರೊಬ್ಬರು ‘ಕುಣಿ’ ಸೂಚಿಸಿದರು. ನನಗೆ ಒಗ್ಗಲಿಲ್ಲ. ನಮ್ಮ ಕಡೆ ಕುಣಿ ಅಂದ ಕೂಡಲೇ ಮಣ್ಣು ಕೊಡುವುದು ನೆನಪಾಗುತ್ತದೆ. ಹದಿನೆಂಟು ಕುಣಿ ಮುಗಿಸಿ ಬಂದೆ ಅಂದರೆ ಕೇಳಿದವರು ಸ್ನಾನಕ್ಕೆ ನೀರು ಕಾಸಿಯಾರು.

‘ರೌಂಡ್’, ಅಂದರೆ ಹದಿನೆಂಟೂ ಹೋಲ್ ಒಮ್ಮೆ ಆಡಿ ಮುಗಿಸುವುದು, ಇನ್ನೂ ತೊಡಕಿನದು. ಧಾರವಾಡದಲ್ಲಿ ಕೆಲಗೇರಿ ಕೆರೆ ದಂಡೆಗೆ ರೌಂಡ್ ‘ಹೊಡೀತೀವಿ’. ಇವರು ಚೆಂಡು ಹೊಡೆಯುತ್ತಾರೆ, ರೌಂಡ್ ‘ಆಡುತ್ತಾರೆ’. ಸುತ್ತು ಅನ್ನಬಹುದು, ಆದರೆ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ ಮೊದಲು ಹನ್ನೊಂದು ಹೋಲ್ ಆಡುತ್ತ ಹೋಗಿ, ಅವನ್ನೇ ಆಡುತ್ತ ತಿರುಗಿ ಬರುತ್ತಿದ್ದರು, ಒಟ್ಟು 22. 1764ರಲ್ಲಿ ಮೊದಲ ನಾಲ್ಕನ್ನು ಎರಡು ಮಾಡಿದ್ದರಿಂದ ಹೋಗುತ್ತ ಎರಡು, ಬರುತ್ತ ಎರಡು ಕಡಿಮೆಯಾಗಿ 18 ಉಳಿಯಿತು. ಹೋಗಿ ಬರುವುದಕ್ಕೆ ನಮ್ಮಲ್ಲಿ ‘ಖೇಪು’ ಇದೆ. ಆದರೆ ಖೇಪು ಅಂದರೆ ಹೇರು ಬೇಕು: ಮಣ್ಣು, ಇಟ್ಟಂಗಿ, ಏನಾದರೊಂದು. ಆಡುವವರ ಕೈ ಖಾಲಿ. ಹದಿನಾಲ್ಕರವರೆಗೆ ಕೋಲು ತುಂಬಿದ ಚೀಲ ಹೊರುವವ ಕ್ಯಾಡಿ. ಹಾಗಾದರೆ ಸಾಹೇಬರದು ಸುತ್ತು, ಕ್ಯಾಡಿಯದು ಖೇಪು ಅನ್ನೋಣವೇ?

ಕ್ಯಾಡಿಗೆ ‘ಹಮಾಲ’ ಅಂದರೆ ನಮ್ಮ ಹುಡುಗ ಸಿಟ್ಟಿಗೇಳುತ್ತಾನೆ. ಯಾವ ಕೋಲು ತಗೊಬೇಕು, ಇಳಿಜಾರು ಎತ್ತ ಎಂದು ಹೇಳಿಕೊಟ್ಟವನೇ ಅವನಂತೆ. ನಿಜ. ಆದರೂ ಎಡಿನ್‌ಬರೊದಲ್ಲಿ ಹದಿನೆಂಟನೇ ಶತಮಾನದಲ್ಲಿ ಕ್ಯಾಡಿ ಅಂದರೆ ಪೇಟೆಯಲ್ಲಿ ಹೊರೆ ಹೊತ್ತು, ಚೀಟಿ ಮುಟ್ಟಿಸುವ ಆಳೇ ಆಗಿದ್ದ. ಪದದ ಮೂಲ ಫ್ರೆಂಚಿನ ‘ಕಡೆ’, ಅಂದರೆ ಕಿರಿಯ ಮಗ.

ಆಟಗಾರನ ಮಟ್ಟ ನೋಡಿ ಅವನ ಹೊಡೆತಗಳ ಲೆಕ್ಕದಲ್ಲಿ ಇಷ್ಟು ಎಂದು ಬಿಡುವುದಕ್ಕೆ ‘ಹ್ಯಾಂಡಿಕ್ಯಾಪ್’ ಅನ್ನುತ್ತಾರೆ. ‘ಹ್ಯಾಂಡಿಕ್ಯಾಪ್ 12’ ಅನ್ನು ಯಂತ್ರಾನುವಾದ ‘ಅಂಗವೈಕಲ್ಯ 12’ ಮಾಡಿಟ್ಟಿತು. ತೊಂಬತ್ತು ಹೊಡೆತಕ್ಕೆ ಮುಗಿಸಿದವನಿಗೆ ಹನ್ನೆರಡು ಬಿಟ್ಟು ಎಪ್ಪತ್ತೆಂಟು ಎಂದು ಲೆಕ್ಕ ಹಿಡಿಯುವುದು ಸೋಡಿಯಲ್ಲದೆ ಮತ್ತೇನು? ‘ಹನ್ನೆರಡರ ಸೋಡಿ’ ಅಂತ ಬರೆದಿದ್ದೇನೆ. ಇದಕ್ಕಿಂತ ಚಲೋ ಪದ ಇದ್ದರೆ ತಿಳಿಸಿರಿ.

ಗದಗ, ಹಾವೇರಿ ಕಡೆಯವರಿಗೆ ಇನ್ನೊಂದು ಪ್ರಶ್ನೆ: ಗೋಲಿ ಆಡುವಾಗ ಹಿಮ್ಮಡಿ ತಿರುವಿ ಮಾಡುತ್ತಿದ್ದ ತಗ್ಗಿಗೆ ನಿಮ್ಮ ಓಣಿಯಲ್ಲಿ ಏನನ್ನುತ್ತಿದ್ದಿರಿ?