ಅಪ್‌ಡೇಟ್: ಕೊಕ್ಕೆಮೂತಿ ಚಾಕುವಿನ ಲಾಕ್ ಜಾರಿದ್ದು ಯಾಕೆ
ಹೋದ ವಾರ ಕೇಳಿದ್ದೆ: ಮೆಣಸಿನ ಬಳ್ಳಿ ಸವರುವ ನನ್ನ ಕೊಕ್ಕೆಮೂತಿ ಮಡಚು ಚಾಕು, ಲೈನರ್ ಲಾಕ್ (ತೆರೆದ ಅಲಗು ಮಡಚದಂತೆ ಹಿಡಿಯೋ ಒಳಗಿನ ತಗಡುಪಟ್ಟಿ) ಇದ್ದೂ ಕೆಲಸದ ಮಧ್ಯೆ ಮಡಚಿಕೊಂಡು ತೋರುಬೆರಳಿಗೆ ಮೂರು ಹೊಲಿಗೆ ಹಾಕಿಸಿತು, ತಪ್ಪು ನನ್ನದೋ ಚಾಕುವಿನದೋ ಅಂತ.

ಇಬ್ಬರದೂ. ಬಿಚ್ಚಿ ನೋಡಿದರೆ ಒಳಗೆ ಬಾಳೆ ಸೊನೆ, ಮಣ್ಣು ಸೇರಿ ಗಟ್ಟಿಯಾಗಿತ್ತು. ಲಾಕಿನ ತಗಡುಪಟ್ಟಿ ಅಲಗಿನ ಬುಡಕ್ಕೆ ಉಗುರಿನಂಚಿನಷ್ಟೇ ತಾಗುತ್ತಿತ್ತು. ಸಾಲದ್ದಕ್ಕೆ ಅದರ ಮೇಲೆ ನಾನೇ ಎಣ್ಣೆ ಬಿಟ್ಟಿದ್ದೆ! ಸೀಮೆಎಣ್ಣೆ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ಒರೆಸಿ, ಅಲಗು ತಿರುಗುವ ಕೀಲಿಗೆ ಮಾತ್ರ ಒಂದು ತೊಟ್ಟು ಕೊಟ್ಟೆ. ಲಾಕ್ ಹಿಡಿಯುತ್ತಾ ನೋಡೋಕೆ ಬೆರಳು ದೂರವಿಟ್ಟು ಅಲಗಿನ ಬೆನ್ನನ್ನು ಮರದ ಹಲಗೆಗೆ ಮೆಲ್ಲಗೆ ಒತ್ತಿದೆ. ಆದರೂ ಜಾರಿತು. ಪಟ್ಟಿಯೇ ಸವೆದಿದೆ.

ನನ್ನ ತಪ್ಪು ಬೇರೆ. ಬಾಗಿದ ಅಲಗು ಇರೋದು ಎಳೆದು ಕೊಯ್ಯೋದಕ್ಕೆ. ಎಳೆಯುವಾಗ ಒತ್ತಡ ಅಲಗು ತೆರೆಯುವ ದಿಕ್ಕಿಗೇ ಬೀಳುತ್ತೆ, ಲಾಕಿಗೆ ಭಾರವಿಲ್ಲ. ಕೊಕ್ಕೆ ಸಿಕ್ಕಿಕೊಂಡಾಗ ಬಿಡಿಸಲು ಹಿಂದಕ್ಕೆ ತಳ್ಳಿದೆ ನೋಡಿ, ಭಾರವೆಲ್ಲ ಅಲಗಿನ ಬೆನ್ನಿಗೆ, ಅಲ್ಲಿಂದ ಲಾಕಿಗೆ.

ಈಗ ಒಪಿನೆಲ್ ಅನ್ನೋ ಫ್ರೆಂಚ್ ಕಂಪನಿಯ ಮಡಚು ಚಾಕು ತಗೊಂಡಿದ್ದೀನಿ, ಹಿಡಿಯ ಕತ್ತಿನಲ್ಲಿ ಅಲಗನ್ನು ಲಾಕ್ ಮಾಡಲು ತಿರುಗಿಸುವ ಬಳೆ ಇರೋದು. 1955ರಲ್ಲಿ ಬಂದ ಲಾಕ್ ಅದು. ಸೊನೆ ಮೆತ್ತಿದ ಕೈಯಲ್ಲಿ ಬಳೆ ತಿರುಗಿಸೋದು ರಗಳೆಯೇ. ದಪ್ಪ ಬಳ್ಳಿಗೆ ಮನೆಯ ಹಳೇ ಕತ್ತಿ ಇದೆ.